ಬಾಯಿಗೂಡಿದ ನಬಿಸಾಬ

ಮುಂಡರಗಿಯ ದನದ ಸಂತೆಯಲ್ಲಿ ದಲಾಲ ನಬಿಸಾಬನನ್ನು ಹುಡುಕುವುದು ಕಷ್ಟವಲ್ಲ. ಎಲ್ಲಿ ನಾಲ್ಕಾರು ಜನ ಒಂದು ಎತ್ತಿನ ಬಾಯೊಳಗೆ ಇಣುಕುತ್ತಿರುತ್ತಾರೋ ಅಲ್ಲಿ ಆ ಬಾಯನ್ನು ಹಿಡಿದು ನಿಂತವನು ಅವನೇ. ಎಡಗೈಯಲ್ಲಿ ಮೂಗುದಾರ ಎತ್ತಿ, ಬಲಗೈಯ ಹೆಬ್ಬೆರಳಿನಿಂದ ಕೆಳತುಟಿ ಜಗ್ಗಿ, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನೋಡಿ ಮುಗಿಸುತ್ತಾನೆ. "ನಾಕ ಹಲ್ಲು." "ಆರ ಹಲ್ಲು." "ಬಾಯಿಗೂಡೇತಿ." ಅಲ್ಲಿಗೆ ಆ ಎತ್ತಿನ ವಯಸ್ಸಿನ ಮಾತು ಮುಗಿಯಿತು. ಮಾರುವವನೂ ತಕರಾರು ತೆಗೆಯುವುದಿಲ್ಲ, ಕೊಳ್ಳುವವನೂ ತೆಗೆಯುವುದಿಲ್ಲ.

ದನದ ವಿಷಯ ತಿಳಿಯದವರಿಗೆ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ. ದನಕ್ಕೆ ಮುಂದಿನ ಹಲ್ಲು ಇರುವುದು ಕೆಳಗಿನ ದವಡೆಯಲ್ಲಿ ಮಾತ್ರ, ಅದೂ ಎಂಟೇ ಎಂಟು. ಹಾಲುಹಲ್ಲು ಉದುರಿ, ಎರಡೆರಡರಂತೆ ದೊಡ್ಡ ಹಲ್ಲು ಮೂಡುತ್ತವೆ. ಎಂಟೂ ಬಂದು ನಿಂತರೆ ಎತ್ತು 'ಬಾಯಿಗೂಡಿತು' ಎನ್ನುತ್ತೇವೆ. ಅಲ್ಲಿಂದ ಮುಂದೆ ಹಲ್ಲು ಸವೆಯುತ್ತ, ಸಂದು ಬಿಡುತ್ತ ಹೋಗುತ್ತವೆ, ಎತ್ತಿನ ಬೆಲೆಯೂ ಜಾರುತ್ತದೆ. ಹೀಗೆ ಜಾರಬಾರದೆಂದು ಕೆಲವು ಪುಣ್ಯಾತ್ಮರು ಮುದಿ ಎತ್ತನ್ನು ಕೆಡವಿ, ಕಮ್ಮಾರನ ಅರದಿಂದ ಅದರ ಹಲ್ಲು ತಿಕ್ಕಿ ಸಮ ಮಾಡಿ, ಪ್ರಾಯದ್ದೆಂದು ಸಂತೆಗೆ ತರುತ್ತಾರೆ. ಅಂಥ ಹಲ್ಲನ್ನು ಹಿಡಿದುಕೊಡುವುದರಲ್ಲಿ ನಬಿಸಾಬನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ಪಶು ಇಲಾಖೆಯಲ್ಲಿ ಮೂವತ್ತೊಂದು ವರ್ಷ ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಎಂದು ತಿರುಗಿದ ನಾನೇ ಈ ಮಾತು ಹೇಳುತ್ತಿದ್ದೇನೆ. ನಾನು ಡಾಕ್ಟರನಲ್ಲ, ಬರೀ ಇನ್ಸ್‌ಪೆಕ್ಟರ್. ಆದರೆ ಜನ "ಡಾಕ್ಟರ್ರ" ಎಂದರು, ನಾನು ತಿದ್ದಲು ಹೋಗಲಿಲ್ಲ. ದೇವೇಂದ್ರಪ್ಪ ಎಂಬ ಹೆಸರು ಈಗ ಪಿಂಚಣಿಯ ಕಾಗದದಲ್ಲಿ ಮಾತ್ರ ಉಳಿದಿದೆ.

ಎಲ್ಲರ ಎತ್ತಿನ ಬಾಯಿ ತೆಗೆಸುವ ಈ ಮನುಷ್ಯ ತನ್ನ ಬಾಯನ್ನು ಮಾತ್ರ ಯಾರಿಗೂ ತೋರಿಸುತ್ತಿರಲಿಲ್ಲ. ಮೂವತ್ತರ ವಯಸ್ಸಿನಲ್ಲಿ ಒಂದು ಹೋರಿ ತಲೆ ಕೊಡವಿದ ಹೊಡೆತಕ್ಕೆ ಅವನ ಮೇಲಿನ ಎರಡು ಹಲ್ಲು ಅರ್ಧಕ್ಕೆ ಮುರಿದಿದ್ದವು. ಉಳಿದವುಗಳ ಬಣ್ಣವನ್ನು ಎಲೆ-ಅಡಿಕೆ-ತಂಬಾಕು ನೋಡಿಕೊಂಡಿದ್ದವು. ಆದರೆ ಗಟ್ಟಿ ಹಲ್ಲು, ಕಟಕ ರೊಟ್ಟಿಯನ್ನು ನೀರಿಲ್ಲದೆ ತಿನ್ನುತ್ತಿದ್ದ. ನಗು ಬಂದರೆ ಮಾತ್ರ ಹೆಗಲ ಮೇಲಿನ ಟವಲಿನ ತುದಿ ತಾನೇ ಬಾಯಿಗೆ ಹೋಗುತ್ತಿತ್ತು. ಹಿರಿಯ ಮಗಳ ಮದುವೆಯ ಆಲ್ಬಮ್ ತೆರೆದು ನೋಡಿದರೆ, ಪ್ರತಿ ಫೋಟೋದಲ್ಲೂ ಹುಡುಗಿಯ ಅಪ್ಪನಿಗೆ ಹಲ್ಲುನೋವು ಎಂದೇ ಯಾರಾದರೂ ತಿಳಿಯಬೇಕು.

ಕಿರಿಯ ಮಗಳು ನೂರೀನಳಿಗೆ ಬೆಟಗೇರಿಯ ಹುಡುಗ ಗೊತ್ತಾದ. ಅವಳು ಅಪ್ಪನ ಮುಂದೆ ಒಂದೇ ಕರಾರು ಇಟ್ಟಳು.

"ಅಬ್ಬಾ, ನನ್ನ ಮದುವ್ಯಾಗ ನೀ ಬಾಯಿ ತಗದ ನಗಬೇಕು. ಟವಲ್ ಹಿಡದಿ ಅಂದ್ರ ನಾ ಫೋಟೋಕ್ಕ ನಿಂದ್ರಂಗಿಲ್ಲ."

ತನ್ನ ಕಣ್ಣಲ್ಲಿ ನೀರು ಬಂದದ್ದನ್ನು ಅವನೇ ನನಗೆ ಹೇಳಿದ. ಮರುದಿನವೇ ನಾನು ಅವನನ್ನು ಗದಗಿನ ಹಲ್ಲಿನ ಡಾಕ್ಟರು ಅಂಕಿತಾ ಅವರ ಹತ್ತಿರ ಕರೆದುಕೊಂಡು ಹೋದೆ. ಚಿಕ್ಕ ವಯಸ್ಸು, ಚೊಕ್ಕ ಕೆಲಸ, ಸುಳ್ಳು ಭರವಸೆ ಕೊಡದ ಹುಡುಗಿ. ಬಾಯಿ ನೋಡಿ, ಎಕ್ಸರೇ ತೆಗೆದು ಹೇಳಿದಳು:

"ಮುರದಿರೋ ಎರಡಕ್ಕ ಕ್ಯಾಪ್ ಹಾಕೋಣ್ರಿ ಚಾಚಾ. ಉಳದ ಹಲ್ಲು ಖರೇನ ಗಟ್ಟಿ ಅದಾವ, ತೊಳದ್ರ ಸಾಕು. ಆದ್ರ ಮೊದಲ ಒಸಡು ಸುಧಾರಸಬೇಕು. ಎರಡ ತಿಂಗಳದಾಗ ಒಂದೈದ ಸಲ ಬರಬೇಕಾಕ್ಕತಿ."

"ಮದುವಿ ಇಪ್ಪತ್ತಾರ ದಿನಕ್ಕ ಐತಲ್ಲವಾ."

"ಮದುವಿಗೆ ತಾತ್ಪೂರ್ತಿಕ ಎರಡ ಹಾಕಿ ಕೊಡ್ತೀನ್ರಿ. ನಕ್ಕರ ಯಾರಿಗೂ ಗೊತ್ತಾಗಂಗಿಲ್ಲ. ಬಿಳೇದು ಮಾತ್ರ ಭಾಳ ಆಗಂಗಿಲ್ಲ, ನಿಮ್ಮ ವಯಸ್ಸಿಗೆ ತಕ್ಕಂಗ ಇರತಾವ."

ಇದಕ್ಕಿಂತ ಒಳ್ಳೆಯ ಮಾತು ಯಾವ ಡಾಕ್ಟರ ಬಾಯಲ್ಲಿ ಬಂದೀತು? ಆದರೆ 'ವಯಸ್ಸಿಗೆ ತಕ್ಕಂಗ' ಎಂಬುದು ಅವನಿಗೆ ಹಿಡಿಸಲಿಲ್ಲ. ಎತ್ತಿನ ವಯಸ್ಸನ್ನು ಊರಿಗೆಲ್ಲ ಸಾರುವವನಿಗೆ ತನ್ನದನ್ನು ಯಾರೋ ಹೇಳಿದರೆ ಮೈ ಉರಿಯುತ್ತದೆ ಎಂದು ಅಂದೇ ನನಗೆ ತಿಳಿದದ್ದು.

ಆ ಉರಿಗೆ ಎಣ್ಣೆ ಸುರಿದವನು ಅಲ್ಲಾಉದ್ದೀನ, ನಬಿಸಾಬನ ಹೆಂಡತಿಯ ತಮ್ಮ. ಲಕ್ಷ್ಮೇಶ್ವರದಲ್ಲಿ ಹಿಂಡಿ, ಬೂಸಾ ಮಾರುವ ಅಂಗಡಿ ಇಟ್ಟಿದ್ದಾನೆ. ಆ ವರ್ಷ ಅತಿ ಹೆಚ್ಚು ಚೀಲ ಮಾರಿದ್ದಕ್ಕೆ ಕಂಪನಿಯವರು ಅವನಿಗೆ ಇಬ್ಬರ ಬ್ಯಾಂಕಾಕ್ ಪ್ರವಾಸ ಕೊಟ್ಟಿದ್ದರು. ಅವನ ಹೆಂಡತಿ ವಿಮಾನವೆಂದರೆ ಹೆದರುತ್ತಾಳೆ. ಜೊತೆಗೆ ಯಾರು ಎಂದು ಯೋಚಿಸುತ್ತಿದ್ದವನಿಗೆ ಮೊಬೈಲಿನಲ್ಲಿ ಅಲ್ಲಿಯ ಒಂದು ಹಲ್ಲಿನ ಆಸ್ಪತ್ರೆಯ ಜಾಹೀರಾತು ಕಂಡಿತು. ಮೂರು ದಿನ, ಹೊಸ ನಗು! ಅದರಲ್ಲೊಬ್ಬ ಮುದುಕ ಮೊದಲು ಅಳುಮೋರೆ ಹಾಕಿ, ಆಮೇಲೆ ನಕ್ಕು, ಯಾರದೋ ಕೈಹಿಡಿದು ಕುಣಿಯುತ್ತಿದ್ದ.

"ಭಾವಾ, ಹಲ್ಲಿನ ಫೋಟೋ ಕಳಸಿದ್ರ ಸಾಕಂತ. ಹೋಗೂದ್ರಾಗ ಎಲ್ಲಾ ತಯಾರ ಇಟ್ಟಿರತಾರಂತ," ಎಂದ ಅಲ್ಲಾಉದ್ದೀನ.

ನಾನು ನಬಿಸಾಬನ ಮೇಲೆ ಕೂಗಾಡಿದೆ. "ಅಲ್ಲೋ, ಫೋಟೋ ನೋಡಿ ನೀ ಒಂದ ಎತ್ತಾದ್ರೂ ತಗೋತಿ ಏನು? ಬಾಯಾಗ ಬೆರಳ ಇಡಲಾರದ ಡಾಕ್ಟ್ರು ಅದೆಂಥಾ ಡಾಕ್ಟ್ರು? ನಾಳೆ ಏನರ ಹೆಚ್ಚುಕಡಿಮಿ ಆದ್ರ ಯಾರ ಮನಿ ಬಾಗಲಾ ಬಡಿತಿ?"

"ಡಾಕ್ಟರ್ರ, ನೀವು ದನದ ಡಾಕ್ಟ್ರು," ಎಂದ ನಬಿಸಾಬ ಬಹಳ ವಿನಯದಿಂದ.

ನಾಲ್ಕು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ಉಮ್ರಾ ಯಾತ್ರೆಗೆ ಹೋಗಬೇಕೆಂದು ಮಾಡಿಸಿಟ್ಟಿದ್ದ ಪಾಸ್‌ಪೋರ್ಟ್ ಪೆಟ್ಟಿಗೆಯಿಂದ ಹೊರಬಂತು. ಅದರ ಮೊದಲ ಠಸ್ಸೆ ಬ್ಯಾಂಕಾಕಿನದಾಯಿತಲ್ಲ ಎಂದು ಅವನ ಹೆಂಡತಿ ಗುಲಾಬಬಿ ಇವತ್ತಿಗೂ ಅವನನ್ನು ಕ್ಷಮಿಸಿಲ್ಲ.

ಅಲ್ಲಿ ನಡೆದದ್ದನ್ನು ಅವನ ಬಾಯಿಂದಲೇ ಕೇಳಿದ್ದೇನೆ, ಹತ್ತು ಸಲ. ಆಸ್ಪತ್ರೆ ಬಂಗಾರದ ಅಂಗಡಿಯಷ್ಟು ಝಗಮಗವಾಗಿತ್ತಂತೆ. ಗಾಜಿನ ಲೋಟದಲ್ಲಿ ಎಳನೀರು ಕೊಟ್ಟರಂತೆ. ಆಮೇಲೆ ಬಣ್ಣದಂಗಡಿಯಲ್ಲಿ ಇರುತ್ತದಲ್ಲ, ಹಾಗೆ ಸಾಲಾಗಿ ಹಲ್ಲಿನ ಬಣ್ಣದ ತುಂಡುಗಳನ್ನು ಮುಂದಿಟ್ಟರಂತೆ. ನಬಿಸಾಬ ತುದಿಯಲ್ಲಿದ್ದ ಅಚ್ಚಬಿಳಿಯದರ ಮೇಲೆ ಬೆರಳಿಟ್ಟ. ಅಂಥ ಬಿಳುಪು ಮನುಷ್ಯರಿಗೆ ಹುಟ್ಟಿನಿಂದ ಬರುವುದಿಲ್ಲ ಎಂದು ಯಾರೂ ಹೇಳಲಿಲ್ಲ.

ಹಿಂದಿ ಬಲ್ಲ ಒಬ್ಬ ಹುಡುಗಿ ಪಟ್ಟಿ ಹಿಡಿದುಕೊಂಡು ಬಂದಳು. "ಪೂರಾ ಮೂಹ್?" ಎಂದು ಕೇಳಿದಳು. ಪೂರ್ತಿ ಬಾಯಿಯೇ ಎಂದು.

ಎಡವಟ್ಟಾದದ್ದು ಇಲ್ಲೇ. ನಬಿಸಾಬನಿಗೆ ಸೊಲ್ಲಾಪುರದ ಕಡೆಯ ದಲಾಲರ ಜೊತೆ ಹಿಂದಿಯಲ್ಲಿ ವ್ಯಾಪಾರ ಮಾಡಿ ರೂಢಿ. ಬಾಯಿಗೂಡಿದ ಎತ್ತಿಗೆ ಅವನು ಅವರ ಮುಂದೆ 'ಪೂರಾ ಮೂಹ್' ಎನ್ನುತ್ತಿದ್ದ. ಅಂದರೆ ಎಂಟು ಹಲ್ಲು. ಮುರಿದ ಎರಡು, ಆಚೀಚೆ ಮೂರು ಮೂರು, ನಕ್ಕಾಗ ಕಾಣುವಷ್ಟು, ಒಟ್ಟು ಎಂಟನ್ನೇ ಮಾಡಿಸಬೇಕೆಂದು ಅವನೂ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಹೋಗಿದ್ದ. ಸಮುದ್ರದಾಚೆಯ ಹುಡುಗಿಯ ಬಾಯಲ್ಲಿ ದನದ ಸಂತೆಯ ಮಾತು ಕೇಳಿ ಅವನಿಗೆ ತವರುಮನೆಯವರೇ ಸಿಕ್ಕಷ್ಟು ಖುಷಿಯಾಯಿತು.

"ಹಾಂ, ಪೂರಾ!" ಎಂದ, ಎದೆಯುಬ್ಬಿಸಿ. ತೋರಿಸಿದಲ್ಲೆಲ್ಲ ಸಹಿ ಹಾಕಿದ. ಅಕ್ಷರಗಳು ಜಿಲೇಬಿಯ ಹಾಗಿದ್ದವು, ಓದಲು ಬರಲಿಲ್ಲ ಎಂದ.

ಸೂಜಿ ಚುಚ್ಚಿದರು. ಬಾಯಿ ಮರಗಟ್ಟಿತು. ಎದೆಯ ಮೇಲೆ ಹಸಿರು ಬಟ್ಟೆ ಹೊದಿಸಿ, ಬಾಯಿ ಮುಚ್ಚದಂತೆ ಏನೋ ಸಿಕ್ಕಿಸಿ, ಯಂತ್ರ ಹಚ್ಚಿದರು. ಎಂಟು ಹಲ್ಲಿಗೆ ಎಷ್ಟು ಹೊತ್ತು ಬೇಕು ಎಂದು ಅವನು ಲೆಕ್ಕ ಹಾಕುತ್ತಿದ್ದ. ಯಂತ್ರ ಒಳಗಿನ ದವಡೆಯ ಕಡೆ ಹೊರಟಾಗ ಅನುಮಾನ ಬಂತು. ಮಾತಾಡಲು ಬಾಯಿಲ್ಲ. ಆಗ ಅವನ ಕಸುಬು ನೆನಪಿಗೆ ಬಂತು. ದನದ ದಲಾಲರು ಬೆಲೆ ಮಾತಾಡುವುದು ಟವಲಿನ ಅಡಿಯಲ್ಲಿ, ಬೆರಳು ಹಿಡಿದು. ಹಸಿರು ಬಟ್ಟೆಯ ಕೆಳಗೆ ಡಾಕ್ಟರ ಕೈ ಎಳೆದುಕೊಂಡು ನಾಲ್ಕು ಬೆರಳನ್ನು ಗಟ್ಟಿಯಾಗಿ ಒತ್ತಿದ, ಬಿಟ್ಟ, ಮತ್ತೆ ಒತ್ತಿದ. ಎಂಟು, ಎಂಟೇ! ಹೆದರಿದ್ದಾನೆ ಪಾಪ ಎಂದುಕೊಂಡು ಡಾಕ್ಟರು ಅವನ ಕೈ ಸವರಿ, ಕೆಲಸ ಮುಂದುವರಿಸಿದರು.

ಇಪ್ಪತ್ನಾಲ್ಕು ಹಲ್ಲು. ಅದರಲ್ಲಿ ಇಪ್ಪತ್ತೆರಡು ಯಾವ ರೋಗವೂ ಇಲ್ಲದ, ರೊಟ್ಟಿ ಕಡಿಯುತ್ತಿದ್ದ ಹಲ್ಲು. ಎಲ್ಲವನ್ನೂ ಗೂಟಗಳಾಗುವ ತನಕ ತಿಕ್ಕಿ, ಮೇಲೆ ಬಿಳಿ ಕ್ಯಾಪು ಕೂಡಿಸಿ, ಮೂರನೆಯ ದಿನ ಹೂವು ಕೊಟ್ಟು ಕಳಿಸಿದರು. ಗಾಯ ಮಾಗಲು, ಕಡಿತ ಸರಿಯಾಗಿ ಕೂತಿದೆಯೇ ಎಂದು ನೋಡಲು ದಿನಗಳು ಬೇಕು ಎಂಬುದು ಅಲ್ಲಿಯವರಿಗೂ ಗೊತ್ತಿದ್ದೀತು. ಆದರೆ ಇವನ ವಿಮಾನ ನಾಲ್ಕನೆಯ ದಿನ ಇತ್ತಲ್ಲ.

ಗದಗಿನ ರೈಲ್ವೆ ಸ್ಟೇಷನ್ನಿಗೆ ನಾನೇ ಹೋಗಿದ್ದೆ. ಬೋಗಿಯಿಂದ ಮೊದಲು ಹಲ್ಲು ಇಳಿದವು, ಹಿಂದೆ ನಬಿಸಾಬ. ಸುಳ್ಳು ಹೇಳುವುದಿಲ್ಲ, ನನಗೆ ನಗು ತಡೆಯಲಾಗಲಿಲ್ಲ. ಬಿಸಿಲಿಗೆ ಸುಟ್ಟ ಆ ಕಪ್ಪು ಮುಖದಲ್ಲಿ ಟ್ಯೂಬ್‌ಲೈಟ್ ಹಚ್ಚಿದಂತಿತ್ತು. "ಹೊಸಾವು ಹೆಂಗದಾವ್ರಿ?" ಎಂದು ಕೇಳಿದ. 'ಸ' ಅಕ್ಷರ ಬಂದಲ್ಲೆಲ್ಲ ಸಣ್ಣ ಸೀಟಿ ಹೊಡೆಯುತ್ತಿತ್ತು. ಅವನ ಹೆಸರಿನಲ್ಲೇ ಒಂದು 'ಸ' ಇದೆ.

ಗುಲಾಬಬಿ ಬಾಗಿಲಲ್ಲೇ ನಿಲ್ಲಿಸಿ ಬಾಯಿ ತೆಗೆಸಿದಳು. ಒಂದೊಂದನ್ನೇ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಅಣ್ಣಾರ, ಎರಡ ಹಲ್ಲಿಗೆ ಟೋಪಿ ಹಾಕಿಸ್ಕೊಂಡ ಬರ್ತೀನಿ ಅಂತ ಹೋದ್ರು. ನೋಡ್ರಿ, ತಮಗ ಟೋಪಿ ಹಾಕಿಸ್ಕೊಂಡ ಬಂದಾರ."

ಮದುವೆಯ ಹೊತ್ತಿಗೆ ಎಡಗೆನ್ನೆ ಊದಿತ್ತು. ಹುಡುಗಿಯ ಅಪ್ಪ ತನ್ನ ಮನೆಯ ಮದುವೆಯಲ್ಲಿ ಬಿರಿಯಾನಿ ಬಿಟ್ಟು ಮೂಲೆಯಲ್ಲಿ ಕೂತು ಶಿರಾ ತಿಂದ. ಫೋಟೋದವನು "ನಗ್ರಿ" ಎಂದಾಗ ನಕ್ಕ, ಬಾಯಿ ತೆಗೆದೇ ನಕ್ಕ, ಮಗಳಿಗೆ ಕೊಟ್ಟ ಮಾತು. ಆದರೆ ಫ್ಯಾನಿನ ತಣ್ಣನೆ ಗಾಳಿ ಹಲ್ಲಿಗೆ ತಾಗಿ ಕಣ್ಣಿಂದ ನೀರು ಇಳಿಯಿತು. ಮಗಳನ್ನು ಕಳಿಸುವ ಸಂಕಟ ಎಂದುಕೊಂಡು ಬೀಗರೆಲ್ಲ ಅವನನ್ನು ಸಮಾಧಾನ ಮಾಡಿದರು. ನೂರೀನಳಿಗೆ ಮಾತ್ರ ಗೊತ್ತಾಗಿತ್ತು. ಅವಳು ಅವನ ಕೈ ಬಿಡಲೇ ಇಲ್ಲ.

ಮದುವೆಯಾದ ಐದನೆಯ ದಿನ ರೊಟ್ಟಿಯ ತುಣುಕಿಗೆ ಒಂದು ಕ್ಯಾಪು ಬಿಚ್ಚಿ ಬಂತು. ಅಲ್ಲಾಉದ್ದೀನ ಆಸ್ಪತ್ರೆಗೆ ಮೆಸೇಜು ಹಾಕಿದ. ಒಂದು ಸೂರ್ಯಕಾಂತಿ ಹೂವಿನ ಚಿತ್ರ ಬಂತು, ಜೊತೆಗೆ ಉತ್ತರ: ಐದು ವರ್ಷದ ಗ್ಯಾರಂಟಿ ಇದೆ, ದಯವಿಟ್ಟು ಆಸ್ಪತ್ರೆಗೆ ಬನ್ನಿ. ಬನ್ನಿ ಅಂತೆ! ಪಕ್ಕದ ಬೆಟಗೇರಿಯಿಂದ ಗದಗಿಗೆ ಬಂದಷ್ಟು ಸುಲಭವೆಂಬಂತೆ! ಎಕ್ಸರೇ ಕಳಿಸಿ, ಏನು ಅಂಟು ಹಾಕಿದ್ದೀರಿ ಹೇಳಿ ಎಂದು ಕೇಳಿದ್ದಕ್ಕೆ ಇನ್ನೊಂದು ಹೂವು ಬಂತು, ಈ ಸಲ ಗುಲಾಬಿ.

ನಬಿಸಾಬ ತಲೆ ತಗ್ಗಿಸಿಕೊಂಡು ಅಂಕಿತಾಳ ಮುಂದೆ ಹೋಗಿ ಕೂತ. ಅವಳು ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವಳು ಒಂದೊಂದೇ ಹಲ್ಲು ನೋಡಿ ಮುಗಿಸಿ, ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟಳು.

"ಚಾಚಾ, ಐದ ಹಲ್ಲಿನ ನರ ಸಾಯಾಕ ಹತ್ಯಾವ. ಬೇರಿನ ಕೆಲಸ ಮಾಡಬೇಕು. ಕ್ಯಾಪು ಒಸಡಿನೊಳಗ ಇಳದಾವ, ಅದಕ್ಕ ಕೀವು ತುಂಬೇತಿ. ಯಾವ ಸಾಮಾನು, ಯಾವ ಅಂಟು, ಒಂದೂ ಕಾಗದದಾಗ ಇಲ್ಲ. ನಾ ಕತ್ತಲಾಗ ತಡಕಾಡಿದಂಗ ಮಾಡಬೇಕು. ಮಾಡ್ತೀನಿ. ಆದ್ರ ತಿಕ್ಕಿದ ಹಲ್ಲು ತಿರುಗಿ ಬೆಳಿಯಂಗಿಲ್ರಿ. ಸಾಯೂತನಕ ಹತ್ತಹದಿನೈದ ವರ್ಷಕ್ಕೊಮ್ಮಿ ಕ್ಯಾಪು ಬದಲಸೂದ ಕೆಲಸ."

ಅವನು ಕೇಳಿದ್ದು ಒಂದೇ ಪ್ರಶ್ನೆ. "ಸಂತಿಗೆ ಹೋಗಬಹುದೇನವಾ?"

ಅವನ ಹೆದರಿಕೆ ಅದು. ನೋವನ್ನಾದರೂ ನುಂಗಿಕೊಂಡಾನು. ಆದರೆ ಅವನು ಬದುಕಿದ್ದೇ ಜನ ಅವನ ಮಾತು ನಂಬುತ್ತಿದ್ದರು ಎಂಬುದರ ಮೇಲೆ. ಹಲ್ಲಿನ ಸುಳ್ಳು ಹಿಡಿಯುವವನ ಬಾಯಲ್ಲೇ ಇಪ್ಪತ್ನಾಲ್ಕು ಸುಳ್ಳು ಹಲ್ಲು ಇದ್ದರೆ ಅವನ ಮಾತನ್ನು ಯಾರು ಕೇಳುತ್ತಾರೆ?

ಮುಂಗಾರಿಗೆ ಮೊದಲಿನ ದೊಡ್ಡ ಸಂತೆ ಬಂತು. ಅಂಕಿತಾ ಕೆಳಗಿನ ಮುಂದಿನ ನಾಲ್ಕು ಹಲ್ಲುಗಳ ಕ್ಯಾಪು ತೆಗೆದು, ಬೇರಿನ ಕೆಲಸ ಅರ್ಧ ಮಾಡಿ, ಮೇಲೆ ಒಂದು ತಾತ್ಪೂರ್ತಿಕ ಪ್ಲಾಸ್ಟಿಕ್ ಪಟ್ಟಿ ಕೂಡಿಸಿದ್ದಳು. ನಬಿಸಾಬ ಟವಲನ್ನು ಮೂಗಿನ ತನಕ ಸುತ್ತಿಕೊಂಡು ಬಂದ. ನಾನು ಜೊತೆಗಿದ್ದೆ. ಹಿರೇವಡ್ಡಟ್ಟಿಯ ಮೌನೇಶ ಎಂಬ ರೈತ ಓಡಿ ಬಂದ. ಅವನ ಜೋಡಿಯಲ್ಲಿ ಒಂದು ಎತ್ತು ಸತ್ತು, ಬಿತ್ತನೆಗೆ ಜೊತೆ ಬೇಕಾಗಿತ್ತು.

"ಚಾಚಾ, ಒಂದ ನೋಡೇನಿ. ನೀವು ಹ್ಞೂಂ ಅಂದ್ರ ತಗೋತೀನಿ."

ಎತ್ತು ಕಣ್ಣಿಗೆ ತುಂಬುವಂತಿತ್ತು, ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ. ಹಗ್ಗ ಹಿಡಿದು ನಿಂತವನು ತಿರಕಪ್ಪ, ನಬಿಸಾಬನಷ್ಟೇ ಹಳೆಯ ದಲಾಲ.

"ಹ್ವಾದ ವರ್ಷ ಬಾಯಿಗೂಡೇತಿ, ಐದ ವರ್ಷದ್ದು," ಎಂದ ತಿರಕಪ್ಪ.

ನಬಿಸಾಬ ಮೂಗುದಾರ ಎತ್ತಿದ, ತುಟಿ ಜಗ್ಗಿದ. ಎಂದೂ ಇಲ್ಲದಷ್ಟು ಹೊತ್ತು ನೋಡಿದ. "ಇದಕ್ಕ ಅರ ಹಾಕ್ಯಾರ. ಹತ್ತ ವರ್ಷ ದಾಟೇತಿ," ಎಂದ. 'ವರ್ಷ'ದ 'ಷ'ಕ್ಕೂ ಒಂದು ಸೀಟಿ ಬಂತು.

ತಿರಕಪ್ಪ ಕಾಯುತ್ತಿದ್ದವನ ಹಾಗೆ ಕೈಚಾಚಿ ಅವನ ಟವಲ್ ಎಳೆದ.

"ಏ ನಬೀ, ಮೊದಲ ನಿನ್ನ ಬಾಯಿ ತಗಿಯೋ! ನೋಡ್ರಿಪಾ ಎಲ್ಲಾರೂ, ಅರವತ್ತರ ಮುದುಕ, ಹಾಲುಹಲ್ಲಿನ ಕರುದ ಗತೆ ಹೊಳಿಯಾಕ ಹತ್ಯಾನ! ಬ್ಯಾಂಕಾಕಿನ್ಯಾಗ ತಿಕ್ಕಿಸ್ಕೊಂಡ ಬಂದಾಂವ ನನ್ನ ಎತ್ತಿನ ಹಲ್ಲು ಸುಳ್ಳು ಅಂತಾನಲೇ!"

ಸಂತೆಗೆ ಸಂತೆಯೇ ನಕ್ಕಿತು. ಯಾರೋ ಹಿಂದಿನಿಂದ "ಎಷ್ಟ ಹಲ್ಲಿಂದೋ ಇದು?" ಎಂದು ಕೂಗಿದರು. ಮೌನೇಶ ಒಮ್ಮೆ ಎತ್ತಿನ ಮುಖ, ಒಮ್ಮೆ ನಬಿಸಾಬನ ಮುಖ ನೋಡಿದ. ನಂಬಲೋ ಬೇಡವೋ ಎಂಬುದು ಅವನ ಕಣ್ಣಲ್ಲಿ ಕಾಣುತ್ತಿತ್ತು. ನಲವತ್ತು ವರ್ಷದಲ್ಲಿ ನಬಿಸಾಬನನ್ನು ಯಾರೂ ಹಾಗೆ ನೋಡಿರಲಿಲ್ಲ. ತಿರಕಪ್ಪನಿಗೆ ನಾಲ್ಕು ಮಾತು ಬೈಯಲು ನಾನು ಮುಂದೆ ಹೋದೆ. ನಬಿಸಾಬ ನನ್ನ ಎದೆಗೆ ಕೈ ಅಡ್ಡ ಹಿಡಿದ.

ಅವನು ತಲೆ ಬಗ್ಗಿಸಿ, ಬಾಯಿಗೆ ಬೆರಳು ಹಾಕಿ, ಪ್ಲಾಸ್ಟಿಕ್ ಪಟ್ಟಿಯನ್ನು ಕಿತ್ತು ಅಂಗೈಯಲ್ಲಿ ಇಟ್ಟುಕೊಂಡ. ಆಮೇಲೆ ಎತ್ತಿನ ಕೆಳತುಟಿ ಜಗ್ಗುವ ಹಾಗೆಯೇ ಹೆಬ್ಬೆರಳಿನಿಂದ ತನ್ನ ಕೆಳತುಟಿ ಜಗ್ಗಿ ತೋರಿಸಿದ. ನಾಲ್ಕು ಸಣ್ಣ, ಮಂಕಾದ ಗೂಟಗಳು. ಮುಂದೆ ನಿಂತವರ ನಗು ನಿಂತಿತು, ಹಿಂದಿನವರು ಇಣುಕಿ ನೋಡಿದರು.

"ನೋಡಪಾ ಮೌನೇಶ," ಎಂದ ನಬಿಸಾಬ. ಈಗ ಸೀಟಿಯೂ ಇಲ್ಲ, ಗಾಳಿ ಮಾತ್ರ. "ತಿರಕಪ್ಪ ಖರೇನ ಹೇಳ್ಯಾನ. ನಾ ತಿಕ್ಕಿಸ್ಕೊಂಡಾಂವನ. ತಿಕ್ಕಿದ ಹಲ್ಲು ಹಿಂಗಿರತಾವ. ಹೊಳಪು ಇರಂಗಿಲ್ಲ, ಉಗುರು ಆಡಿಸಿದ್ರ ಗೀರು ತಾಗತಾವ. ಬೆರಳ ಹಾಕಿ ನೋಡು."

ಮೌನೇಶ ಯಾರ ಬಾಯಿಗೆ ಬೆರಳು ಹಾಕುವುದೆಂದು ತಿಳಿಯದೆ ನಿಂತ.

"ಎತ್ತಿಂದಪಾ!"

ಮೌನೇಶ ಎತ್ತಿನ ಹಲ್ಲಿನ ಮೇಲೆ ಉಗುರು ಆಡಿಸಿದ. ಅವನ ಮುಖ ಬದಲಾಯಿತು. ಆದರೂ ತಿರಕಪ್ಪ ಬಿಡಲಿಲ್ಲ, ಮೇಯುವಾಗ ಕಲ್ಲು ತಾಗಿದ ಗೀರು ಅವು ಎಂದ.

"ಆತು. ಒಂದ ಬಕೀಟ್ ತಣ್ಣೀರ ತರ್ರಿ," ಎಂದ ನಬಿಸಾಬ.

ಮೇ ತಿಂಗಳ ಮಧ್ಯಾಹ್ನ. ಎತ್ತಿನ ನಾಲಿಗೆ ಆಗಲೇ ಹೊರಬಿದ್ದಿತ್ತು. ಮಣ್ಣಿನ ಹರವಿಯ ನೀರು ತಂದು ಮುಂದಿಟ್ಟರು. ಎತ್ತು ಆಸೆಯಿಂದ ಮೂತಿ ಇಟ್ಟಿತು, ಸಟ್ಟನೆ ತಲೆ ಎಳೆದುಕೊಂಡಿತು. ನೀರನ್ನು ನೋಡುತ್ತ ನಿಂತಿತು. ಮತ್ತೆ ಮೂತಿ ಇಟ್ಟಿತು, ಮತ್ತೆ ಎಳೆದುಕೊಂಡಿತು. ಕೊರಳ ಗೆಜ್ಜೆ ಎರಡು ಸಲ ಸದ್ದು ಮಾಡಿತು. ದನದ ಇಲಾಖೆಯಲ್ಲಿ ಅಷ್ಟು ವರ್ಷ ದುಡಿದ ನನಗೂ ಈ ಪರೀಕ್ಷೆ ಹೊಳೆದಿರಲಿಲ್ಲ.

"ನಂದೂ ಹಿಂಗ ಆಗೈತಿ," ಎಂದ ನಬಿಸಾಬ. "ಒಂದೂವರಿ ತಿಂಗಳಾತು, ನಾ ಒಂದ ಗುಟುಕ ತಣ್ಣೀರ ಕುಡದಿಲ್ಲ."

ಮೌನೇಶ ಎತ್ತಿನಿಂದ ಎರಡು ಹೆಜ್ಜೆ ಹಿಂದೆ ಸರಿದು ನಬಿಸಾಬನ ಪಕ್ಕಕ್ಕೆ ಬಂದು ನಿಂತ. ತಿರಕಪ್ಪ ಹಗ್ಗವನ್ನು ಕೈಗೆ ಸುತ್ತುತ್ತ, ಬಿಚ್ಚುತ್ತ ಇದ್ದವನು ತಗ್ಗಿದ ದನಿಯಲ್ಲಿ ಕೇಳಿದ:

"ಅಷ್ಟ ನೋಯ್ತಾವೇನೋ ನಬೀ?"

ನಬಿಸಾಬ ಎತ್ತಿನ ದವಡೆಯ ಮೇಲೆ ಕೈಯಿಟ್ಟು ನಿಂತಿದ್ದ.

"ನಂದು ಬಿಡೋ. ನನ್ನ ಕೇಳಿದ್ರು, ನಾನ ಹ್ಞೂಂ ಅಂದೆ. ಇದನ್ನ ಯಾರು ಕೇಳಿದ್ರಿ?"

ತಿರಕಪ್ಪ ಬಕೆಟ್ಟು ಎತ್ತಿಕೊಂಡು ಚಹಾದಂಗಡಿಗೆ ಹೋಗಿ, ಒಲೆಯ ಮೇಲಿನ ಬಿಸಿನೀರು ಬೆರೆಸಿಕೊಂಡು ತಂದು ಎತ್ತಿನ ಮುಂದಿಟ್ಟ. ಎತ್ತು ತಲೆ ಎತ್ತದೆ ಕುಡಿಯಿತು.